ಮುಂಗಡದ ಹಗ್ಗ

ಬಂಡೀಪುರದ ಕಾಡಂಚಿನ ಹಾಡಿಗಳಿಂದ ಮುಂಗಡ ಪಡೆದು ಕೊಡಗಿನ ಕಾಫಿ ತೋಟಗಳಿಗೆ ದುಡಿಯಲು ಹೋಗುವ ಗಿರಿಜನರ ಮಾತೆತ್ತಿದರೆ, ಅವರಿಗೆ ಸ್ವಂತ ಮನೆಯಿದೆ, ಹಬ್ಬಕ್ಕೆ ಊರಿಗೆ ಬರುತ್ತಾರೆ, ಇದು ಜೀತ ಹೇಗಾದೀತು ಎಂದು ವಾದಿಸುವವರಿದ್ದಾರೆ. ಈ ವಾದಕ್ಕೆ ಉತ್ತರ ದೂರದ ಫಿಲಿಪ್ಪೀನ್ಸ್ ದ್ವೀಪಗಳಲ್ಲಿದೆ.

1565ರಲ್ಲಿ ಸ್ಪೇನಿನವರು ಅಲ್ಲಿ ನೆಲೆಯೂರುವ ಮೊದಲೇ ಆ ಸಮಾಜದಲ್ಲಿ ಮೇಲುಕೀಳು ಬಲಿತಿತ್ತು. ಮೇಲೆ ದಾತು ಎಂಬ ಒಡೆಯ, ನಡುವೆ ಸ್ವತಂತ್ರರು, ತಳದಲ್ಲಿ ಅಲಿಪಿನ್. ಯುದ್ಧದಲ್ಲಿ ಸೆರೆಸಿಕ್ಕು ಅಲಿಪಿನ್ ಆದವರಿದ್ದರು, ಸಾಲ ತೀರಿಸಲಾರದೆ ಆದವರೂ ಇದ್ದರು. ಪ್ಲಾಸೆನ್ಸಿಯಾ ಎಂಬ ಪಾದ್ರಿ 1589ರಲ್ಲಿ ಬರೆದಿಟ್ಟಂತೆ ಇವರಲ್ಲಿ ಎರಡು ಬಗೆ. ಒಬ್ಬ ಧಣಿಯ ಮನೆಯಲ್ಲೇ ಬಿದ್ದಿರುವವನು. ಇನ್ನೊಬ್ಬನಿಗೆ ಸ್ವಂತ ಮನೆಯಿತ್ತು, ಅವನ ಸೊತ್ತು ಮಕ್ಕಳಿಗೆ ಬರುತ್ತಿತ್ತು, ಅವನನ್ನು ಮಾರುವಂತಿರಲಿಲ್ಲ. ಆದರೂ ಅವನು ಅಲಿಪಿನ್ನೇ.

ನಮ್ಮ ಸೀಮೆಯ ಜೀತವನ್ನೂ ಇಂಗ್ಲಿಷರು ತಂದದ್ದಲ್ಲ. ಅವರು ತೊಲಗಿದಾಗ ಅದು ತೊಲಗಲೂ ಇಲ್ಲ. ಮದುವೆಗೆಂದು ಅಪ್ಪ ಎತ್ತಿದ ಹಣಕ್ಕೆ ಮಗ ಧಣಿಯ ದನ ಕಾಯುತ್ತಿದ್ದ. ಸಿಗುತ್ತಿದ್ದುದು ಮುದ್ದೆ, ಒಂದು ಕಂಬಳಿ. ಗುಂಡ್ಲುಪೇಟೆಯ ನೆರೆಯ ವಯನಾಡಿನಲ್ಲಿ ವಳ್ಳಿಯೂರುಕಾವು ಜಾತ್ರೆಯಲ್ಲೇ ಪಣಿಯರು ಮುಂಗಡ ಪಡೆದು ಒಂದು ವರ್ಷ ಧಣಿಗೆ ಕಟ್ಟುಬೀಳುತ್ತಿದ್ದರು. ದೇವಿಯ ಎದುರು ಕೊಟ್ಟ ಮಾತು ಮುರಿಯಲು ಅವರಿಗೆ ಅಂಜಿಕೆ. ಸಾಲಕ್ಕೆ ದೇವರನ್ನೇ ಸಾಕ್ಷಿ ನಿಲ್ಲಿಸಿದ ಜಾಣತನ ಧಣಿಗಳದು!

1976ರ ಜೀತ ರದ್ದಿಯಾತಿ ಕಾಯಿದೆ ಸಂಕೋಲೆಯನ್ನು ಹುಡುಕುವುದಿಲ್ಲ. ಆಳು ರಾತ್ರಿ ಎಲ್ಲಿ ಮಲಗುತ್ತಾನೆಂದೂ ಕೇಳುವುದಿಲ್ಲ. ಪಡೆದ ಮುಂಗಡಕ್ಕಾಗಿ ಬೇರೆಡೆ ದುಡಿಯುವ ಸ್ವಾತಂತ್ರ್ಯ ಕಳೆದುಕೊಂಡರೆ ಅದು ಜೀತ, ಅದಕ್ಕಾಗಿ ಕನಿಷ್ಠ ಕೂಲಿಗೂ ಕಡಿಮೆಗೆ ದುಡಿದರೆ ಅದೂ ಜೀತ. ಅಂತಹ ಸಾಲವನ್ನು ಕಾಯಿದೆಯೇ ಅಳಿಸಿಹಾಕಿದೆ. ಆದ್ದರಿಂದ ತನಿಖೆಗೆ ಬರುವ ಅಧಿಕಾರಿ ಹಾಡಿಯ ಗುಡಿಸಲನ್ನು ನೋಡಿ ಹಿಂತಿರುಗುವುದು ಬೇಡ. ನಾಳೆ ಬೆಳಿಗ್ಗೆ ನೀನು ಬೇರೆ ತೋಟಕ್ಕೆ ಹೋಗಬಲ್ಲೆಯಾ ಎಂದು ಆಳನ್ನೇ ಕೇಳಲಿ, ಅದೂ ಮೇಸ್ತ್ರಿ ಪಕ್ಕದಲ್ಲಿಲ್ಲದಾಗ.

ಬಿಡುಗಡೆ ಪತ್ರವೊಂದೇ ಸಾಲದು. 2016ರ ಪುನರ್ವಸತಿ ಯೋಜನೆ ಗಂಡಾಳಿಗೆ ಒಂದು ಲಕ್ಷ ರೂಪಾಯಿ ಎಂದಿತು. ಅದರಲ್ಲಿ ದೊಡ್ಡ ಪಾಲನ್ನು ಧಣಿಗೆ ಶಿಕ್ಷೆಯಾಗುವುದಕ್ಕೆ ಗಂಟುಹಾಕಿತು. ಮೊಕದ್ದಮೆ ಮುಗಿಯುವತನಕ ಒಲೆ ಉರಿಯುವುದು ಹೇಗೆ? 1973ರಲ್ಲಿ ಬಂಡೀಪುರ ಹುಲಿ ಯೋಜನೆಗೆ ಸೇರಿದ ಮೇಲೆ ಜೇನು, ಗೆಡ್ಡೆಗಳ ಕಾಡು ಜೇನುಕುರುಬರಿಗೆ ದೂರವಾಯಿತು. ಕೈಯಲ್ಲಿ ಭೂಮಿಯಿಲ್ಲದವನು ಮಳೆಗಾಲಕ್ಕೆ ಮತ್ತೆ ಮುಂಗಡಕ್ಕೇ ಕೈಚಾಚುತ್ತಾನೆ. 2006ರ ಅರಣ್ಯ ಹಕ್ಕು ಕಾಯಿದೆಯಡಿ ಬಾಕಿಯಿರುವ ಪ್ರತಿ ಅರ್ಜಿಯನ್ನೂ ಗ್ರಾಮಸಭೆಯ ಮುಂದಿಟ್ಟು ಇತ್ಯರ್ಥಮಾಡಬೇಕು. ತಿರಸ್ಕರಿಸಿದ್ದರೆ ಕಾರಣವನ್ನು ಅರ್ಜಿದಾರನಿಗೆ ಬರಹದಲ್ಲಿ ಕೊಡಬೇಕು.