ಅರ್ಧ ಬರೆದ ನೋಟ್ ಬುಕ್ ಗುಜರಿಗೆ ಹಾಕಬೇಡಿ!

ಅಪ್ಪಂದಿರೇ, ಅಮ್ಮಂದಿರೇ, ಒಂದು ನಿಮಿಷ ನಿಲ್ಲಿ!

ಪರೀಕ್ಷೆ ಮುಗಿದಿದೆ. ಗುಜರಿ ಗಾಡಿ ಬೀದಿಗೆ ಬಂದಿದೆ. ಮಗುವಿನ ನೋಟ್ ಬುಕ್ಕುಗಳನ್ನು ತಕ್ಕಡಿಗೆ ಹಾಕುವ ಮುಂಚೆ ಒಮ್ಮೆ ಬಿಚ್ಚಿ ನೋಡಿ. ಖಾಲಿ ಪುಟ ಎಣಿಸಿ!

ನಾವು ಎಣಿಸಿದೆವು. ನಮ್ಮ ಬೀದಿಯದೇ ಹುಡುಗಿ, ಮೂರನೇ ಕ್ಲಾಸು. ನೋಟ್ ಬುಕ್ 14! ಗಣಿತಕ್ಕೆ ಕ್ಲಾಸ್ ವರ್ಕ್ ಒಂದು, ಹೋಂ ವರ್ಕ್ ಒಂದು, ಟೆಸ್ಟಿಗೆ ಮತ್ತೊಂದು. ಜಿ.ಕೆ. ಪುಸ್ತಕದಲ್ಲಿ ಬರೆದದ್ದು ಹನ್ನೊಂದೇ ಪುಟ. ಉಳಿದದ್ದು ಕೊಂಡಾಗ ಹೇಗಿತ್ತೋ ಹಾಗೇ ಇದೆ. ಪಾಠ ಮುಗಿದರೆ ಹೊಸ ಪುಟ, ತಾರೀಕು ಬದಲಾದರೆ ಹೊಸ ಪುಟ, ಅಕ್ಷರ ಸೊಟ್ಟಗಾದರೆ ಹರಿದು ಹೊಸ ಪುಟ. ಸೈನ್ಸಿನಲ್ಲಿ ಎಡಗಡೆ ಪುಟ ಚಿತ್ರಕ್ಕಂತೆ. ವರ್ಷವಿಡೀ ಬರೆದ ಚಿತ್ರ ನಾಲ್ಕು!

ಆ ಖಾಲಿ ಹಾಳೆಗೆ ದುಡ್ಡು ಕೊಟ್ಟವರು ಯಾರು? ನೀವು. ನಾವು. ಆಟೋ ಓಡಿಸುವವರು, ಗಾರ್ಮೆಂಟ್ಸಿಗೆ ಹೋಗುವವರು, ಸಂಘದಲ್ಲಿ ಸಾಲ ಎತ್ತಿದವರು. ಜೂನ್ ಬಂತೆಂದರೆ ಶಾಲೆಯ ಕೌಂಟರಿನಲ್ಲಿ ಕಟ್ಟು ಸಿದ್ಧ. ರಟ್ಟಿನ ಮೇಲೆ ಶಾಲೆಯ ಹೆಸರು. ಹೊರಗಿನದು ನಡೆಯಲ್ಲ. ಹೋದ ವರ್ಷದ್ದು ಉಳಿದಿದ್ದರೂ ನಡೆಯಲ್ಲ! ನೋಟ್ ಬುಕ್ಕಿನ ಮೇಲಿದ್ದ 12 ಪರ್ಸೆಂಟ್ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಸೊನ್ನೆ. ನಿಮ್ಮ ಕಟ್ಟಿನ ಬೆಲೆ ಇಳಿಯಿತೇ? ಹಳೇ ರಸೀದಿ ತೆಗೆದು ನೋಡಿ.

ಜೇಬಿನ ಮಾತು ಬಿಡಿ, ಮಗುವಿನ ಬೆನ್ನು? ಒಂದು, ಎರಡನೇ ಕ್ಲಾಸಿನ ಬ್ಯಾಗು 2 ಕೆಜಿ ದಾಟಬಾರದು, ಮೂರರಿಂದ ಐದಕ್ಕೆ 3 ಕೆಜಿ. ಇದು ನಮ್ಮ ರಾಜ್ಯ ಸರ್ಕಾರದ 2019ರ ಆದೇಶ. ನಮ್ಮ ಹುಡುಗಿಯ ಬ್ಯಾಗನ್ನು ದಿನಸಿ ಅಂಗಡಿಯ ತಕ್ಕಡಿಗೆ ಇಟ್ಟೆವು. ಐದೂವರೆ! ಏನೂ ಬರೆಯದ ಹಾಳೆ ಹೊತ್ತುಕೊಂಡು ಎಂಟು ವರ್ಷದ ಮಗು ಮೂರು ಮಹಡಿ ಹತ್ತುತ್ತಿದೆ!

ಇನ್ನು ಕಾಗದವೇನು ಆಕಾಶದಿಂದ ಉದುರುತ್ತದೆಯೇ? ಉತ್ತರ ಕನ್ನಡದ ಬಿದಿರನ್ನು 1950ರ ದಶಕದಲ್ಲಿ ದಾಂಡೇಲಿಯ ಕಾಗದ ಕಾರ್ಖಾನೆಗೆ ಕೊಟ್ಟದ್ದು ಟನ್ನಿಗೆ ಒಂದೂವರೆ ರೂಪಾಯಿಯಂತೆ. ಬಿದಿರು ಬರಿದಾಗುತ್ತ ಬಂತು. ಬುಟ್ಟಿ ಹೆಣೆಯುವ ಮೇದಾರರ ಹೊಟ್ಟೆಗೆ ಹೊಡೆತ ಬಿತ್ತು. ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರು ಆ ಕಾಡು ಸುತ್ತಿ ಇದನ್ನೆಲ್ಲ ಬರೆದಿಟ್ಟಿದ್ದಾರೆ. ಆಮೇಲೆ ಮಲೆನಾಡಿಗೆ ನೀಲಗಿರಿ, ಅಕೇಶಿಯಾ ಬಂದವು. ಬೇಡ ಎಂದು ಅಲ್ಲಿನ ಜನ ಬೀದಿಗಿಳಿದರು. ಅವರ ನೆಲ ಹೋಯಿತು, ನಮ್ಮ ಮಕ್ಕಳ ಹಾಳೆ ಖಾಲಿಯೇ ಉಳಿಯಿತು!

ನಾವು ಓದುವಾಗ ಬೇಸಿಗೆ ರಜೆಯಲ್ಲಿ ಏನು ಮಾಡುತ್ತಿದ್ದೆವು? ಖಾಲಿ ಹಾಳೆ ಕಿತ್ತು, ದಬ್ಬಣದಲ್ಲಿ ತೂತು ಹಾಕಿ, ದಾರದಲ್ಲಿ ಹೊಲಿದು, ಹಳೇ ಕ್ಯಾಲೆಂಡರಿನ ಬೈಂಡು ಹಾಕುತ್ತಿದ್ದೆವು. ಅಕ್ಕನ ಹಾಳೆ ತಮ್ಮನಿಗೆ. ನಾಚಿಕೆಯೇನೂ ಆಗಲಿಲ್ಲ. (ಆಯಿತು, ಸ್ವಲ್ಪ ಆಗಿತ್ತು. ಆದರೆ ಅದರಲ್ಲಿ ಬರೆದ ಮಗ್ಗಿ ತಪ್ಪಾಗಲಿಲ್ಲ!)

ಮೇಷ್ಟ್ರು, ಮಿಸ್ಸುಗಳ ಮೇಲೆ ಸಿಟ್ಟು ಬೇಡ. ಒಂದೊಂದು ಮಗುವಿನ ಮೂರು ಮೂರು ಪುಸ್ತಕ ತಿದ್ದಿ ಅವರ ಕೈಯೂ ಬಿದ್ದುಹೋಗಿದೆ. ಕೇಳಬೇಕಾದದ್ದು ಆಡಳಿತ ಮಂಡಳಿಯನ್ನು. ಪುಸ್ತಕ, ನೋಟ್ ಬುಕ್ ನಮ್ಮಲ್ಲೇ ಕೊಳ್ಳಿ ಎಂದು ಪೋಷಕರನ್ನು ಬಲವಂತ ಮಾಡಬೇಡಿ ಎಂದು ಸಿಬಿಎಸ್‌ಇ 2017ರ ಏಪ್ರಿಲ್‌ನಲ್ಲೇ ತನ್ನ ಶಾಲೆಗಳಿಗೆ ಬರೆದಿದೆ. ನಾವು ಕೇಳಿದರೆ ಅಪರಾಧವೇ?

ಬನ್ನಿ! ಈ ಭಾನುವಾರ ಬೆಳಿಗ್ಗೆ 10ಕ್ಕೆ, ಅರಳಿಕಟ್ಟೆಗೆ. ಮಕ್ಕಳನ್ನೂ ಕರೆತನ್ನಿ, ಹಳೇ ನೋಟ್ ಬುಕ್ಕುಗಳನ್ನೂ ತನ್ನಿ. ದಬ್ಬಣ, ದಾರ ನಾವು ತರುತ್ತೇವೆ. ಹೊಲಿದದ್ದು ಮಿಕ್ಕರೆ ಪಕ್ಕದ ಸರ್ಕಾರಿ ಶಾಲೆಗೆ ಕೊಡೋಣ. ಅಲ್ಲಿ ಎಷ್ಟೋ ಮಕ್ಕಳು ನೋಟ್ ಬುಕ್ಕಿಗೆ ದಾನಿಗಳ ದಾರಿ ಕಾಯುತ್ತಿದ್ದಾರೆ.

ಒಂದು ಚೀಟಿಯಲ್ಲಿ ಖಾಲಿ ಪುಟಗಳ ಲೆಕ್ಕ ಬರೆಯಿರಿ. ಆ ಚೀಟಿ ಹಿಡಿದು ಪೋಷಕರ ಸಭೆಗೆ ಒಟ್ಟಿಗೆ ಹೋಗೋಣ. ವಿಷಯಕ್ಕೊಂದೇ ನೋಟ್ ಬುಕ್! ಎರಡೂ ಮಗ್ಗುಲು ಬರೆಸಿ! ಹೋದ ವರ್ಷದ್ದು ಮುಗಿಯುವ ತನಕ ಹೊಸದು ಬೇಡ! ಇಷ್ಟೇ ಕೇಳೋಣ. ಒಬ್ಬರೇ ಹೋದರೆ 'ಟಿ.ಸಿ. ತಗೊಂಡು ಹೋಗಿ' ಅನ್ನುತ್ತಾರೆ. ನಲವತ್ತು ಜನ ಹೋದರೆ ಕುರ್ಚಿ ಹಾಕುತ್ತಾರೆ!

ಗುಜರಿಯಣ್ಣನಿಗೆ ಮುಂದಿನ ವಾರ ಬಾ ಅನ್ನಿ.

ಇಂತಿ,
ನಿಮ್ಮದೇ ಬೀದಿಯ ಪೋಷಕರು