ಹೊಳೆ ಮೀನಿಗೂ ಉಪ್ಪಿನ ಚಿಂತೆ

ಮಳೆಗಾಲದಲ್ಲಿ ಸುಂಟಿಕೊಪ್ಪದ ಕಡೆ ಕಾಫಿ ತೋಟಕ್ಕೆ ಇಳಿಯೋರಿಗೆ ಜಿಗಣೆ ಹೊಸದಲ್ಲ. ಕಾಲಿಗೆ ಹತ್ತಿದ್ರೆ ಒಂದು ಚಿಟಿಕೆ ಉಪ್ಪು ಹಾಕ್ತೇವೆ, ಸುರುಟಿಕೊಂಡು ಬಿದ್ದುಹೋಗುತ್ತೆ. ತೆಳು ಚರ್ಮದ ಯಾವ ಬದಿಯಲ್ಲಿ ಉಪ್ಪು ಹೆಚ್ಚಿದೆಯೋ ಆ ಬದಿಗೆ ನೀರು ಹೋಗುತ್ತೆ. ಹಾಗಾಗಿ ಜಿಗಣೆಯ ಮೈಯೊಳಗಿನ ನೀರೆಲ್ಲ ಹೊರಗೆ ಬರುತ್ತೆ.

ಹೊಳೆ ಮೀನಿನ ಕಷ್ಟ ಇದಕ್ಕೆ ತಿರುಗಾಮುರುಗಾ. ಅದರ ರಕ್ತದಲ್ಲಿ ಉಪ್ಪಿದೆ, ಹೊಳೆ ನೀರಲ್ಲಿ ಇಲ್ಲವೇನೋ ಅನ್ನುವಷ್ಟು ಕಡಿಮೆ. ಅದಕ್ಕೇ ಕಿವಿರಿನ ಮೂಲಕ ನೀರು ಒಳಗೆ ನುಗ್ಗುತ್ತಲೇ ಇರುತ್ತೆ, ಉಪ್ಪು ಹೊರಗೆ ಸೋರುತ್ತಲೇ ಇರುತ್ತೆ. ಮೀನು ಹಗಲೂ ರಾತ್ರಿ ಮೂತ್ರ ಮಾಡಿ ನೀರನ್ನು ಹೊರಹಾಕಬೇಕು. ಸೋರಿದ ಉಪ್ಪನ್ನು ಕಿವಿರಿನ ಕೆಲವು ಜೀವಕೋಶಗಳು ಹೊಳೆ ನೀರಿನಿಂದಲೇ ಹೆಕ್ಕಿ ತರಬೇಕು.

ಈ ದುಡಿಮೆ ಎಷ್ಟು ದೊಡ್ಡದು ಅಂತ ತೋರಿಸೋದು ಲ್ಯಾಂಪ್ರೆ. ನಮ್ಮ ಹೊಳೆಗಳಲ್ಲಿಲ್ಲ, ಯುರೋಪ್, ಅಮೆರಿಕದ ನದಿಗಳಲ್ಲಿದೆ. ಹಾವಿನಂಥ ಮೈ, ದವಡೆಯಿಲ್ಲದ ಬಾಯಿ. ಕೆಲವು ಜಾತಿಗಳು ಜಿಗಣೆಯಂತೆಯೇ ಬೇರೆ ಮೀನಿಗೆ ಕಚ್ಚಿಕೊಂಡು ರಕ್ತ ಹೀರುತ್ತವೆ. ಹುಟ್ಟಿದ ನದಿಯ ಕೆಸರಿನಲ್ಲಿ ವರ್ಷಗಟ್ಟಲೆ ಇದ್ದು, ಆಮೇಲೆ ಸಮುದ್ರಕ್ಕೆ ಇಳಿಯುತ್ತವೆ. ಸಮುದ್ರದ ನೀರಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. ಲ್ಯಾಂಪ್ರೆಯ ರಕ್ತದಲ್ಲಿ ಅದರ ಮೂರನೇ ಒಂದು ಪಾಲು. ಅಲ್ಲಿ ಅದಕ್ಕೆ ಉಪ್ಪು ಬಿದ್ದ ಜಿಗಣೆಯ ಪಾಡು. ಸಮುದ್ರದ ನೀರನ್ನೇ ಕುಡಿದು, ಹೆಚ್ಚಾದ ಉಪ್ಪನ್ನು ಕಿವಿರಿನಿಂದ ಹೊರಹಾಕಿ ಬದುಕುತ್ತೆ.

ಮೊಟ್ಟೆಯಿಡಲು ಮತ್ತೆ ನದಿ ಹತ್ತುವಾಗ ಊಟವನ್ನೇ ಬಿಡುತ್ತೆ, ಕರುಳು ಕುಗ್ಗಿಹೋಗುತ್ತೆ. ನದಿಗೆ ಬಂದ ಲ್ಯಾಂಪ್ರೆ ದಿನಕ್ಕೆ ತನ್ನ ತೂಕದ ಐದನೇ ಒಂದು ಪಾಲಿನಷ್ಟು ಮೂತ್ರ ಮಾಡಬಲ್ಲದು. 60 ಕಿಲೋ ತೂಕದ ಮನುಷ್ಯನ ಲೆಕ್ಕದಲ್ಲಿ 12 ಲೀಟರ್! ಊಟವಿಲ್ಲ ಅಂದ್ಮೇಲೆ ಉಪ್ಪಿಗೆ ಉಳಿದಿರೋ ದಾರಿ ಕಿವಿರೊಂದೇ.

ನಮ್ಮ ತೋಡಿನ ಮೀನೂ ನಂಬಿರೋದು ಇದೇ ಕಿವಿರನ್ನು. ಅದನ್ನು ಕೆಡಿಸೋಕೆ ಹುಳಿ ನೀರು ಸಾಕು. ಕಾಫಿ ಹಣ್ಣು ಪಲ್ಪಿಂಗ್ ಮಾಡಿದ ನೀರು ಹುಳಿತು ತೋಡಿಗೆ ಸೇರಿದರೆ ಎರಡು ಅನಾಹುತ. ಕೊಳೆಯುವಾಗ ನೀರಿನ ಆಮ್ಲಜನಕವನ್ನು ತಿಂದುಹಾಕುತ್ತೆ. ಹುಳಿ ಹೆಚ್ಚಾದಾಗ ಕಿವಿರಿಗೆ ಉಪ್ಪು ಹೆಕ್ಕಲು ಆಗೋದಿಲ್ಲ, ಇದ್ದ ಉಪ್ಪೂ ಸೋರಿಹೋಗುತ್ತೆ. ಕೊಯ್ಲು ನಡೆಯೋದು ಮಳೆ ನಿಂತು ತೋಡು ಸಣ್ಣಗಾಗುವ ಹೊತ್ತಿಗೆ, ಹಾಗಾಗಿ ಸ್ವಲ್ಪ ನೀರು ಬಿಟ್ಟರೂ ಏಟು ಜೋರು.

ಪರಿಹಾರ ತೋಟದಲ್ಲೇ ಇದೆ. ಪಲ್ಪರ್ ನೀರನ್ನು ಆದಷ್ಟು ಮರುಬಳಕೆ ಮಾಡೋದು, ಉಳಿದದ್ದನ್ನು ತೊಟ್ಟಿಯಲ್ಲಿ ನಿಲ್ಲಿಸಿ ಸುಣ್ಣ ಹಾಕಿ ಹುಳಿ ಇಳಿಸೋದು, ಸಂಸ್ಕರಿಸದೆ ತೋಡಿಗೆ ಬಿಡದಿರೋದು. ಹಾರಂಗಿಗೆ ಸೇರಿದ ನೀರು ಕೂಡಿಗೆಯಲ್ಲಿ ಕಾವೇರಿಯಾಗುತ್ತೆ. ಬೆಂಗಳೂರಿನ ನಿಮ್ಮ ನಲ್ಲಿಯಲ್ಲಿ ಬರೋದೂ ಕಾವೇರಿಯೇ. ಕೊಯ್ಲಿಗೆ ಊರಿಗೆ ಹೋದಾಗ ಫೋಟೋ ತೆಗೆಯೋ ಮೊದಲು ಪಲ್ಪರ್ ಮನೆಯ ಹಿಂದೆ ಒಂದು ಸುತ್ತು ಹೋಗಿ. ಆ ನೀರು ಎಲ್ಲಿಗೆ ಹೋಗ್ತಿದೆ ಅಂತ ಅಪ್ಪನನ್ನು ಕೇಳಿ.