ಪಕ್ಕದ ತಾಲ್ಲೂಕಿನವರನ್ನು ಕರೆಯಿರಿ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳಲ್ಲಿ ಮಾತಿನ ವೇದಿಕೆಗಳಿಗೆ ಬರವಿಲ್ಲ. ತಾಲ್ಲೂಕು ಸಾಹಿತ್ಯ ಸಮ್ಮೇಳನದ ಗೋಷ್ಠಿ, ಕಾಲೇಜಿನ ಉಪನ್ಯಾಸ, ರೈತ ಸಂವಾದ, ಯುವಕರು ಸೇರಿ ನಡೆಸುವ ಸಾಧಕರ ಮಾತು ಎಲ್ಲವೂ ನಡೆಯುತ್ತವೆ. ನಡೆಯಬೇಕು ಕೂಡ. ನಮ್ಮ ಪ್ರಶ್ನೆ ಒಂದೇ: ಅಲ್ಲಿ ಮಾತನಾಡಲು ಯಾರನ್ನು ಕರೆಯುತ್ತೇವೆ? ರಾಜಧಾನಿಯಿಂದ ಬರುವ ಅತಿಥಿಯ ಹೆಸರು ಆಹ್ವಾನ ಪತ್ರಿಕೆಯಲ್ಲಿ ಮೊದಲು ಅಚ್ಚಾಗುತ್ತದೆ. ನಮ್ಮ ಕಷ್ಟವನ್ನೇ ನಮಗಿಂತ ಮೊದಲು ಕಂಡ ಪಕ್ಕದ ತಾಲ್ಲೂಕಿನವರ ಹೆಸರು ಅದರಲ್ಲಿ ಕಾಣುವುದು ಅಪರೂಪ. ಶಿಕ್ಷಣ ಇಲಾಖೆ ಈ ನಾಲ್ಕನ್ನೂ ಸೇರಿಸಿ ಮಧುಗಿರಿ ಶೈಕ್ಷಣಿಕ ಜಿಲ್ಲೆ ಮಾಡಿದೆ. ಮಳೆ ಹೋದರೆ ನಾಲ್ಕೂ ಒಟ್ಟಿಗೆ ಒಣಗುತ್ತವೆ. ಆದರೆ ಒಂದು ತಾಲ್ಲೂಕು ಪಟ್ಟ ಪಾಡು ಇನ್ನೊಂದರ ಕಿವಿಗೆ ಬೀಳುತ್ತಿಲ್ಲ.

ಪಾವಗಡದ ಸೋಲಾರ್ ಪಾರ್ಕನ್ನೇ ತೆಗೆದುಕೊಳ್ಳಿ. ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಈ ಐದು ಊರುಗಳ ಸುಮಾರು 13 ಸಾವಿರ ಎಕರೆ ಅದಕ್ಕೆ ಹೋಯಿತು. ಸರ್ಕಾರ ಭೂಮಿಯನ್ನು ಕೊಳ್ಳಲಿಲ್ಲ, ಗುತ್ತಿಗೆಗೆ ಪಡೆಯಿತು. ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5ರಷ್ಟು ಏರಿಕೆ, ಅವಧಿ 28 ವರ್ಷ. ಒಡೆತನ ರೈತರಲ್ಲೇ ಉಳಿಯಿತು. ಕಡಲೆಕಾಯಿ ಮೇಲಿಂದ ಮೇಲೆ ಕೈಕೊಟ್ಟ ನೆಲದಲ್ಲಿ ಇದು ಒಪ್ಪಬಹುದಾದ ಮಾತೇ ಆಗಿತ್ತು. 2018ರ ಮಾರ್ಚ್‌ನಲ್ಲಿ ಪಾರ್ಕ್ ಉದ್ಘಾಟನೆಯಾಯಿತು. 2019ರ ಕೊನೆಗೆ 2,050 ಮೆಗಾವಾಟ್ ಪೂರ್ಣಗೊಂಡಿತು. ಕಾಗದದ ಮೇಲಿದ್ದ ಒಪ್ಪಂದ ಬದುಕಿನಲ್ಲಿ ಹೇಗೆ ನಡೆಯುತ್ತದೆ ಎಂಬ ಲೆಕ್ಕ ಈಗ ಅಲ್ಲಿನವರ ಕೈಯಲ್ಲಿದೆ. ಐದು ಬಾರಿ ಏರಿದ ಮೇಲೂ ಆ ಗುತ್ತಿಗೆ ಹಣ 27 ಸಾವಿರ ಮುಟ್ಟುವುದಿಲ್ಲ. ಆ ಹತ್ತು ವರ್ಷದಲ್ಲಿ ಮಕ್ಕಳ ಫೀಸು, ಆಸ್ಪತ್ರೆ ಖರ್ಚು ಎಷ್ಟು ಏರುತ್ತವೆ? ನೆಲವಿದ್ದವರಿಗೆ ಗುತ್ತಿಗೆ ಬಂತು. ಅದೇ ನೆಲದಲ್ಲಿ ಕಳೆ ತೆಗೆದು, ಕಡಲೆಕಾಯಿ ಕಿತ್ತು ಬದುಕುತ್ತಿದ್ದ ಕೂಲಿಯವರಿಗೆ ಬಂದದ್ದೇನು? ಬಯಲಿಗೆ ಬೇಲಿ ಬಿದ್ದ ಮೇಲೆ ಕುರಿ ಮಂದೆ ಇಟ್ಟವರು ಎತ್ತ ಹೋದರು? ಅಣ್ಣತಮ್ಮಂದಿರ ಹೆಸರಿನಲ್ಲಿ ಜಂಟಿಯಾಗಿದ್ದ ಜಮೀನಿನ ಹಣ ಹೇಗೆ ಹಂಚಿಕೆಯಾಯಿತು? ಇದಕ್ಕೆಲ್ಲ ಉತ್ತರ ಹೇಳಬಲ್ಲವರು ಆ ಐದು ಊರುಗಳಲ್ಲಿದ್ದಾರೆ. ಉತ್ತರ ಬೇಕಾಗಿರುವುದು ಕೊರಟಗೆರೆಗೆ. ಎತ್ತಿನಹೊಳೆ ಯೋಜನೆಯ ಜಲಾಶಯಕ್ಕೆ ಬೈರಗೊಂಡ್ಲು ಹೆಸರು ಬಂದಾಗಿನಿಂದ ಅಲ್ಲಿ ಭೂಮಿಯ ಮಾತು, ಪರಿಹಾರದ ಮಾತು ವರ್ಷಗಟ್ಟಲೆ ನಡೆದಿದೆ. ಮುಳುಗಡೆಗೆ ಹೋಗುವ ಭೂಮಿ ಗುತ್ತಿಗೆಯ ಭೂಮಿಯಂತೆ ಮರಳುವುದಿಲ್ಲ ನಿಜ. ಆದರೆ ಭೂಮಿಯ ಹಣ ಮನೆಗೆ ಬಂದಾಗ ಏನಾಗುತ್ತದೆ, ಭೂಮಿ ಇಲ್ಲದವರ ಪಾಲನ್ನು ಯಾವ ಹಂತದಲ್ಲಿ ಕೇಳಬೇಕು ಎಂಬ ಪ್ರಶ್ನೆಗಳು ಎರಡೂ ಕಡೆ ಒಂದೇ. ವಕೀಲರು ಬಂದು ಕಾನೂನು ತಿಳಿಸಬಹುದು. ಸಹಿ ಹಾಕುವ ದಿನ ಏನು ಕೇಳಬೇಕಿತ್ತು ಎಂದು ಹೇಳಬಲ್ಲವರು ಸಹಿ ಹಾಕಿದವರೇ.

ನೀರಿನ ವಿಷಯವೂ ಹೀಗೆಯೇ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು ಎಂಬುದನ್ನು ವಿಜ್ಞಾನಿ ಹೇಳಲಿ. ಶುದ್ಧ ನೀರಿನ ಘಟಕ ಕೆಟ್ಟು ನಿಂತಾಗ ರಿಪೇರಿಗೆ ಹಣ ಕೂಡಿಸುವುದು ಹೇಗೆಂದು ಘಟಕ ನಡೆಸುವವರು ಹೇಳಲಿ. ಶಿರಾ ಸೀಮೆಯ ಗೊಲ್ಲರಹಟ್ಟಿಗಳ ಮಾತು ಇನ್ನೂ ಗಂಭೀರ. ಸೂತಕದ ಹೆಸರಿನಲ್ಲಿ ಬಾಣಂತಿಯನ್ನೂ ಹಸುಗೂಸನ್ನೂ ಹಟ್ಟಿಯ ಹೊರಗೆ ಗುಡಿಸಲಿನಲ್ಲಿ ಇರಿಸುವ ರೂಢಿ ತಪ್ಪೆಂದು ಅಧಿಕಾರಿಗಳು, ವೈದ್ಯರು ಹೇಳುತ್ತಲೇ ಬಂದಿದ್ದಾರೆ. ಸೊಸೆಯನ್ನು ಮನೆಯೊಳಗೇ ಉಳಿಸಿಕೊಂಡ ಅತ್ತೆಯೊಬ್ಬರು ಎದ್ದು ನಿಂತು, ದೇವರು ಮುನಿಯಲಿಲ್ಲ, ಮಗು ಚೆನ್ನಾಗಿದೆ ಎಂದರೆ ಪಕ್ಕದ ಹಟ್ಟಿಯ ಅತ್ತೆಯರು ಕೇಳುತ್ತಾರೆ. ಆ ಒಂದು ಮಾತಿಗಿರುವ ಬಲ ಹತ್ತು ಉಪನ್ಯಾಸಗಳಿಗಿಲ್ಲ.

ಇಂಥವರು ಒಂದು ಪತ್ರ ಬರೆದರೆ ಬಂದುಬಿಡುವುದಿಲ್ಲ. ಮೈಕ್ ಮುಂದೆ ನಿಂತು ಅಭ್ಯಾಸವಿಲ್ಲ. ಪಾವಗಡದ ಎಷ್ಟೋ ಮನೆಗಳ ಮಾತು ತೆಲುಗು. ಗ್ರಾಂಥಿಕ ಕನ್ನಡದಲ್ಲಿ ಭಾಷಣ ಮಾಡಿ ಎಂದರೆ ಹೇಳಬೇಕಾದ್ದು ಗಂಟಲಲ್ಲೇ ಉಳಿಯುತ್ತದೆ. ಮನೆಯಲ್ಲಿ ಆಡುವ ಹಾಗೆಯೇ ಆಡಲಿ. ಈ ಸೀಮೆಯಲ್ಲಿ ಅದು ತಿಳಿಯದವರು ಕಡಿಮೆ, ಕನ್ನಡಕ್ಕೂ ಅದರಿಂದ ಕುಂದಿಲ್ಲ. ಭಾಷಣವೇ ಬೇಡ, ಊರಿನ ಶಿಕ್ಷಕರೊಬ್ಬರು ಪಕ್ಕದಲ್ಲಿ ಕುಳಿತು ಒಂದೊಂದಾಗಿ ಕೇಳಲಿ, ಅವರು ಹೇಳುತ್ತಾ ಹೋಗಲಿ. ಸ್ವಾಗತ, ಸನ್ಮಾನ, ಗಣ್ಯರ ಹೆಸರು ಓದುವುದು ಎಲ್ಲ ಅರ್ಧ ಗಂಟೆಯಲ್ಲಿ ಮುಗಿಯಲಿ. ಸಮಯದ ಅಭಾವವೆಂದು ಸಭಿಕರ ಪ್ರಶ್ನೆಗಳನ್ನು ಕೈಬಿಡುವ ಪರಿಪಾಠ ನಿಲ್ಲಲಿ. ಮಾತಿಗೆ ಎಷ್ಟು ಹೊತ್ತೋ ಪ್ರಶ್ನೆಗೂ ಅಷ್ಟೇ ಹೊತ್ತು ಇರಲಿ. 1993ರ ಪಂಚಾಯತ್ ರಾಜ್ ಕಾಯ್ದೆಯ ಬಲದಿಂದ ಗ್ರಾಮಸಭೆಯಲ್ಲಿ ಎದ್ದು ಕೇಳುವ ಹಕ್ಕು ನಮಗಿದೆ. ಏನು ಕೇಳಬೇಕೆಂಬುದು ಇಂಥ ವೇದಿಕೆಗಳಲ್ಲಿ ತಿಳಿಯಬೇಕು. ಇನ್ನೊಂದು ಮಾತು: ಹೊರಗಿನ ಅತಿಥಿಗೆ ಕಾರು, ಊಟ, ಗೌರವಧನ ಇಟ್ಟಿರುತ್ತೇವೆ. ತಿರುಮಣಿಯಿಂದ ಕೊರಟಗೆರೆಗೆ ಬರುವ ಕೂಲಿಯ ಹೆಣ್ಣುಮಗಳಿಗೆ ಬಸ್ ಚಾರ್ಜ್ ಜೊತೆಗೆ ಆ ದಿನದ ಕೂಲಿಯನ್ನೂ, ವೇದಿಕೆ ಹತ್ತುವ ಮೊದಲೇ, ಕೈಗೆ ಕೊಡಬೇಕು.